ಅಪ್ಪ ಪಾಲಿಶ್ ಮಾಡಿದ ದಾರಿ

ಇದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಸೇಡಮ್ಮಿನಲ್ಲಿ ಅವರದು ಕಿರಾಣಿ ಅಂಗಡಿ. ನಮ್ಮ ಮನೆತನದಲ್ಲಿ ಮೊದಲು ಮೆಟ್ರಿಕ್ ತನಕ ಹೋಗಿ ಫೇಲಾಗಿ ಬಂದವರು ಅವರೇ ಆದ್ದರಿಂದ ಓದಿನ ವಿಷಯದಲ್ಲಿ ಕೊನೆಯ ಮಾತು ಅವರದೇ. ವಾಡಿಯ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಕಪ್ಪಿನ ಚಹಾವನ್ನು ಬಸಿಗೆ ಸುರುವಿಕೊಂಡು ಅಪ್ಪನಿಗೆ ತೀರ್ಪು ಹೇಳಿದರು.

“ನಡಿಯೋರಿಗೇ ಡಿಗ್ರಿ ಆಗವಲ್ದು, ತಮ್ಮಾ. ಇಕಿ ಕುಂತಲ್ಲೇ ಕುಂತು ಬಿ.ಎ. ಮಾಡ್ತಾಳಂತ? ಆಗಂಗಿಲ್ಲ, ಬಿಡು.”

ಬಿ.ಎ.ಯನ್ನು ಎಲ್ಲರೂ ಕುಳಿತೇ ಮಾಡುತ್ತಾರೆ, ನಿಂತು ಮಾಡಿದವರನ್ನು ನಾನಂತೂ ಕಂಡಿಲ್ಲ ಎಂದು ಒಳಗಿನಿಂದ ಕೂಗಿ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಆಗ ನಾನು ಗಾಲಿಕುರ್ಚಿಗೆ ಹೊಸಬಳು. ಹೊಸ ಸೊಸೆಯ ಹಾಗೆ ಎಲ್ಲದಕ್ಕೂ ತಲೆ ತಗ್ಗಿಸುತ್ತಿದ್ದೆ.

ನಾನು ಬಿದ್ದದ್ದು ನಮ್ಮ ಮಾಳಿಗೆಯಿಂದ. ಪಿಯುಸಿ ಪಾಸಾದ ಬೇಸಿಗೆ. ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಬಿರುಗಾಳಿ ಬಂತೆಂದು ಚಾದರ ಮಡಚುತ್ತ ಹಿಂದೆ ಹಿಂದೆ ಸರಿದೆ. ನಮ್ಮ ಕಡೆ ಮಾಳಿಗೆಗೆ ಅಡ್ಡಗೋಡೆ ಕಟ್ಟಿಸುವುದು ಶ್ರೀಮಂತರ ಖಯಾಲಿ. ಮೆಣಸಿನಕಾಯಿ ಉಳಿಯಿತು, ನನ್ನ ಬೆನ್ನುಹುರಿ ಉಳಿಯಲಿಲ್ಲ. ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು, ಸೊಂಟದ ಕೆಳಗೆ ಇನ್ನು ಏನೂ ಗೊತ್ತಾಗುವುದಿಲ್ಲ ಎಂದರು. ಅಲ್ಲಿನ ಸಿಸ್ಟರ್ ಒಬ್ಬರು ನನಗೆ ಮುಂದಿನ ಬದುಕಿನ ಪಾಠ ಕಲಿಸಿದರು. ಮೂತ್ರಕ್ಕೆ ನಾನೇ ನಳಿಗೆ ಹಾಕಿಕೊಳ್ಳುವುದು, ಕುಳಿತಲ್ಲೇ ಆಗಾಗ ಎರಡೂ ಕೈ ಊರಿ ಮೈ ಎತ್ತಿ ಇಳಿಸುವುದು, ಇಲ್ಲದಿದ್ದರೆ ಕೂತ ಜಾಗದಲ್ಲಿ ಹುಣ್ಣಾಗುತ್ತದೆ. ರಾತ್ರಿ ಕಾಲನ್ನು ತಿರುಗಿಸಿ ತಿರುಗಿಸಿ ನೋಡುವುದು, ಏಕೆಂದರೆ ಗಾಯವಾದರೆ ಕಾಲು ತಾನಾಗಿ ಹೇಳುವುದಿಲ್ಲ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಅರ್ಧ ಮರೆತಿದ್ದೇನೆ. ಇದು ಮಾತ್ರ ಒಂದಕ್ಷರ ಮರೆತಿಲ್ಲ.

ಗಾಲಿಕುರ್ಚಿ ಬಂದದ್ದು ಒಂದು ಸಮಾರಂಭದಲ್ಲಿ. ನಡೆಯಲಾಗದವರಿಗೆ ಕುರ್ಚಿ ಹಂಚುವ ಕಾರ್ಯಕ್ರಮ. ವೇದಿಕೆಗೆ ಎದೆ ಎತ್ತರದ ಮೆಟ್ಟಿಲು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಜೋಳದ ಚೀಲದ ಹಾಗೆ ಮೇಲೆತ್ತಿ, ಕುರ್ಚಿಯಲ್ಲಿ ಕೂರಿಸಿ, ಫೋಟೊ ಹೊಡೆದು, ಕುರ್ಚಿಸಮೇತ ಕೆಳಗಿಳಿಸಿದರು. ಮನೆಗೆ ತಂದರೆ ಅದು ನಮ್ಮ ಬಾಗಿಲಿನಲ್ಲಿ ಹಿಡಿಸಲಿಲ್ಲ. ಅಪ್ಪ ಬಾಗಿಲ ಚೌಕಟ್ಟನ್ನೇ ಕಿತ್ತು ಅಗಲ ಮಾಡಿದ. ಓಣಿಯವರು ಬಂದು, ವಾಸ್ತು ಕೆಟ್ಟಿತು ಎಂದು ಮರುಗಿದರು. ನನ್ನ ಬೆನ್ನು ಮುರಿದಾಗ ಅಷ್ಟು ಮರುಗಿದ್ದು ನೆನಪಿಲ್ಲ.

ನಮ್ಮ ಸೀಮೆಯಲ್ಲಿ ಕಲ್ಲಿಗೆ ಕೊರತೆ ಇಲ್ಲ, ಅದಕ್ಕೇ ಮೆಟ್ಟಿಲಿಗೂ ಕೊರತೆ ಇಲ್ಲ. ಅಗೆದಲ್ಲೆಲ್ಲ ಫರಸಿ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ. ಎಲ್ಲಿ ಎರಡು ಹಾಳೆ ಉಳಿಯುತ್ತವೋ ಅಲ್ಲೊಂದು ಮೆಟ್ಟಿಲು. ಬ್ಯಾಂಕಿಗೆ ಮೆಟ್ಟಿಲು, ಪೋಸ್ಟಿಗೆ ಮೆಟ್ಟಿಲು, ಗುಡಿಗೂ ಮೆಟ್ಟಿಲು, ದರ್ಗಾಕ್ಕೂ ಮೆಟ್ಟಿಲು. ಈ ವಿಷಯದಲ್ಲಿ ಯಾರೂ ಭೇದ ಮಾಡಿಲ್ಲ. ಆದರೆ ನಮ್ಮ ಜನ ನಿರ್ದಯಿಗಳಲ್ಲ. ಮೆಟ್ಟಿಲ ಮುಂದೆ ಗಾಲಿಕುರ್ಚಿ ನಿಂತದ್ದು ಕಂಡರೆ ಸಾಕು, ಪಾನ್ ಅಂಗಡಿಯಿಂದ ನಾಲ್ಕು ಜನ ತೋಳು ಮಡಚುತ್ತ ಬಂದೇ ಬಿಡುತ್ತಾರೆ. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿಯುತ್ತಾರೆ, ಐದನೆಯವನು ಹೇಗೆ ಹಿಡಿಯಬೇಕೆಂದು ಹೇಳುತ್ತಾನೆ. ಎತ್ತಿದರೆ ಪುಣ್ಯ, ಇಳಿಜಾರು ಕಟ್ಟಿಸಿದರೆ ಖರ್ಚು. ನಮ್ಮವರು ಪುಣ್ಯವಂತರು.

ಹೀಗೆ ಎತ್ತಿಸಿಕೊಂಡೇ ನಾನು ಚಿಂಚೋಳಿಯಲ್ಲಿ ಅತ್ತೆಯ ಮಗಳ ಮದುವೆಗೆ ಹೋದೆ. ಕಲ್ಯಾಣ ಮಂಟಪದ ಮೆಟ್ಟಿಲು ಏರಿಸಿದವರು ಬಾಗಿಲ ಬಳಿ ಇಳಿಸಿ, ಊಟದ ಪಂಕ್ತಿ ಕೂತಿತೆಂದು ಓಡಿದರು. ನಾನು ಇಳಿದದ್ದು ಚಪ್ಪಲಿ ಬಿಡುವ ಜಾಗದಲ್ಲಿ. ಬಂದವರೆಲ್ಲ ನನ್ನ ಮುಖ ನೋಡಿ ಅಯ್ಯೋ ಪಾಪ ಎಂದರು. ಆಮೇಲೆ, ಹೇಗೂ ಇಲ್ಲೇ ಇರುತ್ತೀಯಲ್ಲ, ನಮ್ಮದಿಷ್ಟು ನೋಡಿಕೊಂಡಿರು ಎಂದು ಕಾಲ ಬಳಿ ಚಪ್ಪಲಿ ಬಿಟ್ಟರು. ಅಕ್ಷತೆಯ ಅಕ್ಕಿಕಾಳು ಬಿದ್ದ ಸದ್ದು ಕೇಳಿದೆ, ಮದುವೆ ನೋಡಲಿಲ್ಲ. ಒಂದು ಜೋಡಿ ಚಪ್ಪಲಿಯೂ ಕಳೆಯಲಿಲ್ಲವೆಂದು ಬೀಗರ ಕಡೆಯವರು ಅತ್ತೆಯ ಮುಂದೆ ನನ್ನನ್ನು ಹೊಗಳಿ ಹೋದರಂತೆ. ಮನೆಗೆ ಬರುವಾಗ ಟಂಟಂ ಆಟೋದಲ್ಲಿ ಕುಳಿತು ನಿರ್ಧಾರ ಮಾಡಿದೆ. ನನಗೆ ಡಿಗ್ರಿ ಬೇಕು. ಜನ ನನಗೆ ಕೊಡುವ ಕೆಲಸ ಇಂಥದೇ ಆಗಿದ್ದರೆ, ನನ್ನ ಕೆಲಸ ನಾನೇ ಹುಡುಕಿಕೊಳ್ಳಬೇಕು.

ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ಮತ್ತೆ ಕರೆದು ಸನ್ಮಾನ ಮಾಡುತ್ತಾರೆ. ಶಹಾಬಾದ್ ರಸ್ತೆಯ ಕಡೆ ಇದೆ ಎಂದರೆ ಸಾಕು. ಎರೆಭೂಮಿಯಲ್ಲಿ ಕಟ್ಟಿದ ಕಟ್ಟಡ, ಪಾಯ ಎತ್ತರ, ಆದ್ದರಿಂದ ಮೆಟ್ಟಿಲೂ ಎತ್ತರ. ನಮ್ಮ ಓಣಿಯ ಚಾಚಾ ಒಬ್ಬರು ತಮ್ಮ ಟಂಟಂನ ಹಿಂದಿನ ಸೀಟು ಬಿಚ್ಚಿ ನನ್ನ ಕುರ್ಚಿಗೆ ಜಾಗ ಮಾಡಿದರು. ಗೇಟಿನ ತನಕ ನಾನು ಮಹಾರಾಣಿ. ಅಲ್ಲಿಂದ ಮುಂದೆ ಸಾಮಾನು.

ಮೊದಲ ವರ್ಷವೆಲ್ಲ ಸಹಪಾಠಿ ಹುಡುಗರು ಎತ್ತಿದರು. ಒಳ್ಳೆಯ ಹುಡುಗರು. ಒಂದು ದಿನ ಅರ್ಧ ಮೆಟ್ಟಿಲಲ್ಲಿ ಒಬ್ಬನ ಮೊಬೈಲ್ ಹೊಡೆದುಕೊಂಡಿತು. ಅವನು ಒಂದು ಕೈ ಬಿಟ್ಟ. ಕುರ್ಚಿ ವಾಲಿತು, ಹೇಗೋ ಸಂಭಾಳಿಸಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರು ಪೀರಿಯಡ್ ಕೂತು ಇತಿಹಾಸ ಬರೆದುಕೊಂಡೆ. ಸಂಜೆ ಅವ್ವ ಕಾಲುಚೀಲ ತೆಗೆಯಲು ಹೋದರೆ ಅದು ರಕ್ತದಲ್ಲಿ ಅಂಟಿಕೊಂಡಿತ್ತು. ಮೆಟ್ಟಿಲ ಅಂಚಿಗೆ ಸಿಕ್ಕಿ ಎರಡು ಕಾಲ್ಬೆರಳು ಸೀಳಿದ್ದವು. ನನಗೆ ಗೊತ್ತೇ ಆಗಿರಲಿಲ್ಲ. ಗಾಯ ಕೀವಾಯಿತು, ಜ್ವರ ಬಂತು, ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಯಿತು. ಆ ಪರೀಕ್ಷೆ ಹೋಯಿತು, ವರ್ಷವೂ ಹೋಯಿತು. ಹಾಸಿಗೆಯಲ್ಲಿದ್ದಾಗ ಡಾಕ್ಟರು ಹೇಳಿದ ಮಾತು ಸ್ಪಷ್ಟ: ಇನ್ನೊಂದು ಸಲ ಹೀಗಾದರೆ ಕಾಲು ತೆಗೆಯಬೇಕಾದೀತು.

ವಾಪಸು ಹೋದ ದಿನವೇ ಹೇಳಿದೆ, ಇನ್ನು ನನ್ನನ್ನು ಯಾರೂ ಎತ್ತಬಾರದು. ಹುಡುಗರಿಗೆ ಅವಮಾನವಾಯಿತು. ಊಟಕ್ಕೆ ಕರೆದರೆ ಹೊಟ್ಟೆ ತುಂಬಿದೆ ಎಂದವರನ್ನು ನೋಡುವ ಹಾಗೆ ನೋಡಿದರು. ಮೆಟ್ಟಿಲ ಕೆಳಗೆ ಬೇವಿನ ಮರದ ನೆರಳಿನಲ್ಲಿ ಕುಳಿತು, ಕಿಟಕಿಯಿಂದ ಕೇಳಿದಷ್ಟನ್ನು ಬರೆದುಕೊಂಡೆ. ಗೆಳತಿಯರು ನೋಟ್ಸ್ ತಂದುಕೊಟ್ಟರು. ಆದರೆ ಪರೀಕ್ಷೆಯನ್ನು ಬೇವಿನ ಮರದ ಕೆಳಗೆ ಬರೆಯಲು ಬಿಡುವುದಿಲ್ಲ. ರ್‍ಯಾಂಪ್ ಆಗಬೇಕು, ಇಲ್ಲವೆಂದರೆ ಡಿಗ್ರಿ ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ನಮ್ಮ ಪ್ರಿನ್ಸಿಪಾಲರು ಸಜ್ಜನರು. ಯಾವ ಕಷ್ಟ ಹೇಳಿಕೊಂಡರೂ ಅದಕ್ಕೆ ಅವರಲ್ಲಿ ಒಂದೇ ಔಷಧ: ಸನ್ಮಾನ. ಅಂಗವಿಕಲರ ಬಗ್ಗೆ ತಿಳಿವಳಿಕೆ ಕಾರ್ಯಕ್ರಮ ಇಟ್ಟರು, ನನ್ನನ್ನೇ ವಿಶೇಷ ಅತಿಥಿ ಮಾಡಿದರು. ಕಾರ್ಯಕ್ರಮ ಮಾಳಿಗೆಯ ಸಭಾಂಗಣದಲ್ಲಿ. ನಾನು ಕೆಳಗೆ ಮರದಡಿ ಕುಳಿತು ಮೈಕಿನಲ್ಲಿ ನನ್ನ ಗುಣಗಾನ ಕೇಳಿದೆ. ‘ಇಂದು ನಮ್ಮೆಲ್ಲರ ನಡುವೆ ಇರುವ’ ಎಂದು ಶುರು ಮಾಡಿದರು. ಕೊನೆಗೆ ಜವಾನ ಶಾಲು ಹಿಡಿದು ಇಳಿದು ಬಂದು ನನಗೆ ಹೊದಿಸಿ, ಚಪ್ಪಾಳೆ ಮೇಲೆ ಹೊಡೆಯುತ್ತಿದ್ದಾರೆ ಎಂದು ತಿಳಿಸಿ ಹೋದ.

ಮರುದಿನ ಅವರು ಸ್ಕೂಟರ್ ನಿಲ್ಲಿಸುವಾಗ ಹಿಡಿದೆ.

“ಸರ್, ಶಾಲು ಬ್ಯಾಡ್ರಿ. ಒಂದು ರ್‍ಯಾಂಪ್ ಮಾಡಸ್ರಿ.”

“ಒಬ್ಬಾಕಿ ಸಲುವಾಗಿ ಹ್ಯಾಂಗ ಮಾಡೂದವ್ವಾ?”

“ಆ ಝೆಂಡಾದ ಕಟ್ಟಿನೂ ಒಂದೇ ಕೋಲಿನ ಸಲುವಾಗಿ ಕಟ್ಟಸೀರಲ್ರಿ, ಸರ್.”

ಅವರು ಹೆಲ್ಮೆಟ್ ತೆಗೆದು ಧ್ವಜದ ಕಟ್ಟೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಮೇಸ್ತ್ರಿ ಮತ್ತು ಸಿಮೆಂಟು ನಮ್ಮದು, ಕಲ್ಲನ್ನು ಯಾರಾದರೂ ದಾನ ಕೊಟ್ಟರೆ ಮಾಡಿಸೋಣ ಎಂದರು. ಸಿಮೆಂಟು ಕಾರ್ಖಾನೆಗಳ ಮಧ್ಯೆ ಕುಳಿತವರಿಗೆ ಸಿಮೆಂಟು ಹುಟ್ಟುವುದು ಕಷ್ಟವಲ್ಲ. ಕಲ್ಲಿನ ಮಾತನ್ನು ನಾನು ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು ಎಂದು ಈಗ ಅನ್ನುವುದಿಲ್ಲ. ಆದರೆ ಆಗಿನ ಕಥೆ ಬೇರೆ.

ನಮ್ಮಪ್ಪ ಫರಸಿ ಪಾಲಿಶ್ ಮಾಡುವವನು. ರಾವೂರಿನ ಗಣಿಗಳಿಂದ ಬಂದ ಕಲ್ಲನ್ನು ಮಷೀನಿನ ಕೆಳಗೆ ಇಟ್ಟು, ನೀರು ಬಿಟ್ಟು, ಉಜ್ಜಿ ಉಜ್ಜಿ ಹೊಳಪು ತರುವುದು ಅವನ ಕೆಲಸ. ಅವನ ಉಗುರು, ಹುಬ್ಬು, ಪಂಚೆ ಎಲ್ಲವೂ ಕಲ್ಲಿನ ರಾಡಿಯ ಬಣ್ಣ. ಎಲ್ಲೆಲ್ಲಿಯೋ ಅಪಾರ್ಟ್‌ಮೆಂಟುಗಳ ನೆಲದಲ್ಲಿ ಅವನ ಕಲ್ಲುಗಳಿವೆ, ಅವನು ಒಂದರ ಮೇಲೂ ಕಾಲಿಟ್ಟಿಲ್ಲ. ಮಗಳ ಕಾಲೇಜಿಗೆ ಕಲ್ಲು ಬೇಕು ಎಂದದ್ದೇ ತಡ, ಮಾಲೀಕನನ್ನು ಕಾಡಿ ಬೇಡಿ ಒಡಕಿಲ್ಲದ ಕಲ್ಲುಗಳನ್ನೇ ಆರಿಸಿದ. ಪಾಳಿ ಮುಗಿದ ಮೇಲೆ ನಿಂತು ಪಾಲಿಶ್ ಮಾಡಿದ. ಒಂದು ಸಲ ಸಾಲದೆಂದು ಇನ್ನೊಂದು ಸಲ ಮಾಡಿದ. ನೋಡುತ್ತೇನೆ ಎಂದರೆ, ಉದ್ಘಾಟನೆಯ ದಿನ ನೋಡುವಿಯಂತೆ ಎಂದು ನಕ್ಕ. ನಾನು ಬಿದ್ದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

ಉದ್ಘಾಟನೆಗೆ ಒಬ್ಬ ದೊಡ್ಡ ಮನುಷ್ಯರು ಬಂದರು. ಊರು, ಪಕ್ಷ ಕೇಳಬೇಡಿ. ರ್‍ಯಾಂಪಿನ ಬುಡದಲ್ಲೇ, ಸರಿಯಾಗಿ ಗಾಲಿ ತಿರುಗುವ ಜಾಗದಲ್ಲಿ, ಅವರ ಹೆಸರಿನ ಶಿಲಾಫಲಕ ನೆಟ್ಟಿದ್ದರು. ಅಪ್ಪ ಬಿಳಿ ಅಂಗಿ ತೊಟ್ಟು ಬಂದಿದ್ದ. ಪರದೆ ಸರಿಸಿದಾಗ ನಾನೂ ಬಾಯಿ ತೆರೆದೆ. ಅಂಥ ಕಲ್ಲು ನಾನು ನೋಡಿಲ್ಲ. ಆಕಾಶ, ಬೇವಿನ ಮರ, ಮಾವಿನ ತೋರಣ ಎಲ್ಲವೂ ಅದರೊಳಗೆ ತಲೆಕೆಳಗಾಗಿ ನಿಂತಿದ್ದವು. ದೊಡ್ಡ ಮನುಷ್ಯರು ಬಗ್ಗಿ ಅದರಲ್ಲಿ ತಮ್ಮ ಕ್ರಾಪು ಸರಿಮಾಡಿಕೊಂಡರು. ಜನ ಇದನ್ನು ಮಾಡಿದವರು ಯಾರು ಎಂದು ಕೇಳುತ್ತಿದ್ದರು. ಅಪ್ಪ ಒಂದು ಹೆಜ್ಜೆ ಮುಂದೆ ಬಂದು ನಿಂತ.

ಕಾಯಿ ಒಡೆದರು. ಕಾಯಿಯ ನೀರು ಕಲ್ಲಿನ ಮೇಲೆ ಹರಿಯಿತು. ಪ್ರಿನ್ಸಿಪಾಲರು ಮೈಕಿನಲ್ಲೇ ನನಗೆ ಏರು ಎಂದರು.

ಮುಂದಿನ ಗಾಲಿ ಏರಿತು. ಹಿಂದಿನ ಗಾಲಿಯನ್ನು ನಾನು ಬಲವಾಗಿ ನೂಕಿದೆ. ಗಾಲಿ ತಿರುಗಿತು, ಕುರ್ಚಿ ಮಾತ್ರ ಮುಂದೆ ಹೋಗಲಿಲ್ಲ. ಇನ್ನೊಮ್ಮೆ ನೂಕಿದೆ. ಕುರ್ಚಿ ಮೆಲ್ಲಗೆ, ಭಾಳ ಮರ್ಯಾದೆಯಿಂದ, ಹಿಂದಕ್ಕೆ ಜಾರಿ ಹೋಗಿ ಶಿಲಾಫಲಕಕ್ಕೆ ಬಡಿದು ನಿಂತಿತು. ಹಿಂದಿನ ಸಾಲಿನವರಿಗೆ ಏನಾಯಿತೆಂದು ಕಾಣಲಿಲ್ಲ, ಚಪ್ಪಾಳೆ ಹೊಡೆದರು. ನನ್ನನ್ನು ಹಿಡಿಯಲು ಮೇಲಿನಿಂದ ಇಳಿದ ಜವಾನ ಕುಳಿತ ಭಂಗಿಯಲ್ಲಿ ನನಗಿಂತ ಮೊದಲೇ ಕೆಳಗೆ ಬಂದಿದ್ದ. ದೊಡ್ಡ ಮನುಷ್ಯರು ಮಾತ್ರ ಜಾಣರು, ಪಕ್ಕದ ಮೆಟ್ಟಿಲು ಏರಿ ಹೋದರು.

ಅಷ್ಟರಲ್ಲಿ ನಾಲ್ವರು ತೋಳು ಮಡಚಿ ಬಂದೇಬಿಟ್ಟರು. “ಹುಂ, ಹಿಡೀರೋ” ಎಂದ ಐದನೆಯವನು.

“ಯಾರೂ ಮುಟ್ಟಬ್ಯಾಡ್ರಿ” ಎಂದು ಬ್ರೇಕ್ ಹಾಕಿಕೊಂಡೆ.

ಭಾಷಣ, ಚಹಾ, ಫಳಾರ ಎಲ್ಲ ಮೇಲೆ ನಡೆಯಿತು. ರ್‍ಯಾಂಪ್ ಯಾರಿಗಾಗಿ ಆಯಿತೋ ಆಕೆ, ರ್‍ಯಾಂಪಿನ ಕಲ್ಲು ಮಾಡಿದವನು, ಇಬ್ಬರೇ ಕೆಳಗೆ ಉಳಿದೆವು. ಅಪ್ಪ ಕಲ್ಲನ್ನು ನೋಡುತ್ತಿದ್ದ. ಕಲ್ಲಿನಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ಅದನ್ನು ನೋಡುತ್ತಿದ್ದನೋ ಏನೋ ನನಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಅವ್ವ ಸುಮ್ಮನಿರುವ ಪೈಕಿ ಅಲ್ಲ. “ಎಷ್ಟ ಛಂದ ಮಾಡೀರಿ ಅಂದ್ರ, ಇರುವಿ ಸುದ್ದಾ ಏರಂಗಿಲ್ಲ” ಎಂದಳು. ಅಪ್ಪ ರೊಟ್ಟಿ ಮುರಿದವನು ಹಾಗೇ ಕೈ ತೊಳೆದ. ಕಲ್ಲು ಒಳ್ಳೆಯದೇ ಆಗಿದೆ, ಅದಕ್ಕೆ ಸ್ವಲ್ಪ ಉಳಿ ತಾಗಿಸಿ ಒರಟು ಮಾಡಿದರಾಯಿತು ಎಂದೆ. ಅಪ್ಪನಿಗೆ ಅದು, ಸಾಕಿದ ಕರುವನ್ನು ಕಡಿ ಎಂದು ನಾನು ಕೈಗೆ ಕತ್ತಿ ಕೊಟ್ಟಂತೆ ಕೇಳಿಸಿತು.

“ಪಾಲಿಶ್ ಮ್ಯಾಲ ಉಳಿ ಹಚ್ಚೂದಾ? ಮಂದಿ ಗೀರು ಬಿದ್ದದಂತ ಕಲ್ಲು ವಾಪಸ್ ಕಳಸ್ತಾರ. ಇಷ್ಟು ವರ್ಷದಾಗ ನನ್ನ ಒಂದು ಕಲ್ಲು ವಾಪಸ್ ಬಂದಿಲ್ಲ.”

“ಈಗ ಮಗಳು ವಾಪಸ್ ಬಂದಾಳಲ್ಲ” ಎಂದಳು ಅವ್ವ, ಹೆಂಚಿನ ಮೇಲಿನ ರೊಟ್ಟಿ ತಿರುವುತ್ತ.

ಮರುದಿನದಿಂದ ಉಪಾಯಗಳು ಶುರುವಾದವು. ಅಪ್ಪ ಗೋಣಿ ಚೀಲ ಹಾಸಿದ, ಅದು ಗಾಲಿಗೆ ಸುತ್ತಿಕೊಂಡಿತು. ಪ್ರಿನ್ಸಿಪಾಲರು ಉಸುಕು ಹಾಕಿಸಿದರು, ಅದು ಗುಂಡುಗಳ ಹಾಗೆ ಉರುಳಿ ಇನ್ನಷ್ಟು ಜಾರಿತು. ಕಲ್ಲನ್ನು ಕಡಿದು ಒರಟು ಮಾಡಿಸಿ ಎಂದರೆ ಅವರಿಗೆ ಬೇರೆ ಚಿಂತೆ. ಉದ್ಘಾಟನೆ ಆಗಿಹೋಗಿದೆ, ಪೇಪರಿನಲ್ಲಿ ಬಂದಿದೆ, ಈಗ ಉಳಿ ಹಚ್ಚಿದರೆ ಉದ್ಘಾಟಿಸಿದವರಿಗೆ ಅಪಮಾನ ಎಂದರು. ಏರಲು ಬಾರದಿದ್ದರೂ ರ್‍ಯಾಂಪ್ ಅಲ್ಲಿ ಇದೆಯಲ್ಲ ಎಂಬುದು ಅವರ ಸಮಾಧಾನ. ನೆರಳಿದೆ ಎಂದು ಹುಡುಗರು ಅದರ ಬುಡದಲ್ಲಿ ಬೈಕು ನಿಲ್ಲಿಸತೊಡಗಿದರು. ಪರೀಕ್ಷೆ ಹತ್ತಿರ ಬಂತು. ಮೂರು ಗಂಟೆಯ ಮಾತು, ಎತ್ತಿಸಿಕೋ ಎಂದು ಎಲ್ಲರೂ ಹೇಳಿದರು. ಹುಷಾರಾಗಿ ಎತ್ತುತ್ತೇವೆ ಎಂದು ಹುಡುಗರೂ ಹೇಳಿದರು. ನಾನು ಒಲ್ಲೆ ಎಂದೆ. ಹಟ ಎಂದರು. ಹಟವೇ ಸರಿ. ಆದರೆ ಕಾಲು ನನ್ನದು. ಗೊತ್ತಾಗದಿದ್ದರೂ ನನ್ನದೇ.

ಪರೀಕ್ಷೆಗೆ ಮುಂಚಿನ ರವಿವಾರ ಅಪ್ಪ ಬೆಳಿಗ್ಗೆ ನನಗೆ ಹೊರಡು ಎಂದ. ಚಾಚಾರ ಟಂಟಂನಲ್ಲಿ ಉಳಿ, ಸುತ್ತಿಗೆ, ಹಾರೆ ಇದ್ದವು. ಯಾರನ್ನೂ ಕೇಳಲಿಲ್ಲ. ಕಾಲೇಜಿನ ಕಾವಲುಗಾರ, ಪ್ರಿನ್ಸಿಪಾಲ್ ಸಾಹೇಬರಿಗೆ ಫೋನ್ ಹಚ್ಚುತ್ತೇನೆ ಎಂದ. ಅಪ್ಪ ಹಚ್ಚು ಎಂದ. ಮೊದಲನೆಯ ಏಟು ಹಾಕುವ ಮೊದಲು ಹೆಗಲ ಟವೆಲ್ಲಿನಿಂದ ಆ ಕಲ್ಲಿನ ಧೂಳು ಒರೆಸಿದ. ಇನ್ನೇನು ಕೆಡಿಸುವ ಕಲ್ಲಿಗೆ ಧೂಳು ಒರೆಸುವುದೇಕೆ ಎಂದು ಚಾಚಾ ಬಾಯಿಬಿಟ್ಟು ಕೇಳಿಯೇಬಿಟ್ಟರು. ಅಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಕಲ್ಲಿಗೆ ಉಳಿ ಊರಿದ.

ಬೆರಳಗಲಕ್ಕೆ ಒಂದು ಅಡ್ಡಗೆರೆ, ಸಾಲುಸಾಲಾಗಿ. ಗೆರೆ ಎಳೆದಂತೆಲ್ಲ ಕಲ್ಲಿನೊಳಗಿನ ಬೇವಿನ ಮರ ಹರಿದು ಹೋಯಿತು. ಮೊದಲ ಕಲ್ಲು ಮುಗಿಯುವ ತನಕ ಅವನು ನನ್ನ ಕಡೆ ನೋಡಲಿಲ್ಲ. ಎಲ್ಲ ಕಲ್ಲುಗಳೂ ಮುಗಿದ ಮೇಲೆ ಏರು ಎಂದ. ಗಾಲಿ ಹಿಡಿಯಿತು. ಆದರೆ ಕಡಿದಾಗಿತ್ತು, ಅರ್ಧಕ್ಕೆ ತೋಳು ಸೋತಿತು. ಬುಡದ ಕಲ್ಲುಗಳನ್ನು ಹಾರೆಯಿಂದ ಎಬ್ಬಿಸಿ, ಮಣ್ಣು ತುಂಬಿ, ಇಳಿಜಾರನ್ನು ಮುಂದಕ್ಕೆ ಉದ್ದ ಮಾಡಬೇಕಾಯಿತು. ಅದಕ್ಕೆ ಶಿಲಾಫಲಕ ಅಡ್ಡ ಬಂತು. ಅಪ್ಪ ಮತ್ತು ಚಾಚಾ ಅದನ್ನು ಕಿತ್ತು, ಹೆಸರಿಗೆ ಪೆಟ್ಟಾಗದ ಹಾಗೆ ಗೌರವದಿಂದ ಕಂಪೌಂಡು ಗೋಡೆಗೆ ಒರಗಿಸಿ ಇಟ್ಟರು. ಈಗ ಅದನ್ನು ಓದುವವರು ಆಡುಗಳು.

ಸಂಜೆಯ ಹೊತ್ತಿಗೆ ನಾನು ಬುಡದಿಂದ ಬಾಗಿಲ ತನಕ ಏರಿದೆ. ನಡುವೆ ಒಮ್ಮೆ ಉಸಿರು ತೆಗೆದುಕೊಂಡೆ. ಯಾರೂ ಮುಟ್ಟಲಿಲ್ಲ. ಮೇಲೆ ಹೋಗಿ ತಿರುಗಿ ನೋಡಿದರೆ ಅಪ್ಪ ಉಳಿಯನ್ನು ಟವೆಲ್ಲಿನಲ್ಲಿ ಸುತ್ತುತ್ತಿದ್ದ.

ಸೋಮವಾರ ಪ್ರಿನ್ಸಿಪಾಲರು ಬಂದು ನಿಂತು ನೋಡಿದರು. ನೋಟಿಸು ಕೊಡುತ್ತಾರೆಂದು ನಾವು ಕಾದೆವು. ಅವರು ಚಪ್ಪಲಿ ಕಾಲಿನಲ್ಲಿ ಒಮ್ಮೆ ಒತ್ತಿ ನೋಡಿದರು, ಇನ್ನೊಂದು ಹೆಜ್ಜೆ ಇಟ್ಟರು, ಹಾಗೇ ಮೇಲೆ ನಡೆದು ಹೋದರು. ಅವರಿಗೆ ಮೊಣಕಾಲು ನೋವು ಇರುವುದು ಅಂದು ನಮಗೆ ತಿಳಿಯಿತು. ಆಮೇಲೆ ಅವರು ಮೆಟ್ಟಿಲು ಏರಿದ್ದನ್ನು ನಾನು ಕಂಡಿಲ್ಲ. ನೀರಿನ ಕೊಡ ಹೊರುವ ಆಯಾ, ಬಸುರಿ ಲೆಕ್ಚರರು, ಪುಸ್ತಕದ ಪೆಟ್ಟಿಗೆ ತಳ್ಳುವವನು, ಎಲ್ಲರೂ ಒಬ್ಬಾಕೆಯ ಸಲುವಾಗಿ ಆದ ದಾರಿಯನ್ನು ಹಿಡಿದರು. ಪರೀಕ್ಷೆಯ ದಿನ ಎಷ್ಟೋ ಸಲ ಮುಂದಿನವರಿಗೆ ನಾನೇ ದಾರಿ ಬಿಡಿ ಎಂದು ಕೂಗಬೇಕಾಯಿತು. ಎತ್ತುವ ಹುಡುಗರು ತೋಳು ಮಡಚಿ ಪಕ್ಕದಲ್ಲಿ ನಿಂತಿರುತ್ತಿದ್ದರು, ಕೆಲಸ ಹೋದವರ ಹಾಗೆ. ಪಾಪ ಎನಿಸಿ, ನನ್ನ ನೀರಿನ ಬಾಟಲಿ ಹಿಡಿದುಕೊಳ್ಳಲು ಕೊಡುತ್ತಿದ್ದೆ.

ಉಳಿದೆಲ್ಲ ಪರೀಕ್ಷೆಗಳನ್ನೂ ಆ ದಾರಿಯಲ್ಲೇ ಹೋಗಿ ಬರೆದೆ. ತಪ್ಪಿಹೋದ ವರ್ಷದ್ದನ್ನೂ ಸೇರಿಸಿ ಬರೆದೆ. ಒಳ್ಳೆಯ ಅಂಕ ಬಂದವು. ಎಷ್ಟು ಎಂದು ಹೇಳಿದರೆ ಜಂಬ ಎನ್ನುತ್ತೀರಿ, ಜಂಬ ನನಗೆ ಇದೆ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮೊದಲು ಮನೆಗೆ ತಂದವಳು ನಾನು.

ಸರ್ಟಿಫಿಕೇಟು ಬಂದಿದೆ ಎಂದು ಫೋನ್ ಬಂದ ದಿನ ಅಪ್ಪ ಪಾಳಿ ತಪ್ಪಿಸಿ ಜೊತೆಗೆ ಬಂದ. ರ್‍ಯಾಂಪಿನ ಬುಡದಿಂದ ನಾನು ಏರಿದೆ, ಅವನು ಪಕ್ಕದಲ್ಲಿ ಕೈ ಕಟ್ಟಿಕೊಂಡು ನಡೆದ. ಕಚೇರಿಯ ಕ್ಲಾರ್ಕು ಹೊಸಬರು. ಕವರು ತೆಗೆದು, ನನ್ನ ಫೋಟೊ ನೋಡಿ, ನನ್ನ ಮುಖ ನೋಡಿ, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನ ತಲೆಯ ಮೇಲಿಂದ ಕೈ ಚಾಚಿ ಸರ್ಟಿಫಿಕೇಟನ್ನು ಅಪ್ಪನಿಗೆ ಹಿಡಿದರು. ಮಗಳಿಗೆ ಸಹಿ ಮಾಡಲು ಬರುತ್ತದೆಯೇ ಎಂದೂ ಅವನನ್ನೇ ಕೇಳಿದರು.

ಅಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡ. “ನನಗ ಬರಂಗಿಲ್ರಿ, ಸಾಹೇಬ್ರ. ಆಕಿಗಿ ಬರ್ತದ. ಆಕಿ ಕೈಯಾಗ ಕೊಡ್ರಿ.”

ಕ್ಲಾರ್ಕು ಮೇಜು ಸುತ್ತಿ ಬಂದರು. ಕಾಗದ ನನ್ನ ಕೈಗೆ ಬಂತು. ನಾನು ಸಹಿ ಮಾಡಿ, ಅದನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ಬಂದೆ. ಅಪ್ಪ ಅದನ್ನು ನೋಡಲು ಕೇಳಲಿಲ್ಲ. ಬಾಗಿಲ ಹೊರಗೆ ನಿಂತು ಒಂದು ಬೀಡಿ ತೆಗೆದ, ಕಾಲೇಜು ಎಂದು ನೆನಪಾಗಿ ಕಿಸೆಯಲ್ಲಿಟ್ಟ.

“ಮುಂದಿಂದು ಓದ್ಲಿಕ್ಕ ಎಲ್ಲಿ ಹೋಗಬೇಕ?” ಎಂದ. “ಊರು ಹೇಳು. ಬಾಗಲಾ ಹ್ಯಾಂಗದ ಅಂತ ನಾಳಿ ಹೋಗಿ ನೋಡಕೊಂಡ ಬರ್ತೀನಿ.”